ಕೊಟ್ರಸ್ವಾಮಿ ಮೇಷ್ಟ್ರ ಸಿಲ್ವರ್ ಪೇಪರ್ ಅಡುಗೆ

“ಅಡಿಗಿ ಅಂದ್ರ ಏನೈತಿ ಸಮತಾ? ಉಷ್ಣ, ಒತ್ತಡ, ದ್ರಾವಣ! ಮೂರೂ ನನ್ನ ಸಬ್ಜೆಕ್ಟ. ನಾಳಿ ನಿಮ್ಮವ್ವ ಬರ್ಲಿ. ಬೆರಳು ಚೀಪಿಕೋತ ಊರಿಗೆ ಹೋಗ್ಲಿಲ್ಲಂದ್ರ ನನ್ನ ಹೆಸರು ಕೊಟ್ರಸ್ವಾಮಿನ ಅಲ್ಲ!”

ಕೊಟ್ಟೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೊಟ್ರಸ್ವಾಮಿ ಮೇಷ್ಟ್ರು ಶನಿವಾರ ಸಂಜೆ ಹೀಗೆ ಗುಡುಗಿದ್ದಕ್ಕೆ ಬಲವಾದ ಕಾರಣವಿತ್ತು. ಹೆಂಡತಿ ಸಮತಾ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಎರಡು ತಿಂಗಳ ತರಬೇತಿಗೆಂದು ಬಳ್ಳಾರಿಗೆ ಹೊರಡಲಿದ್ದಳು. ಅಷ್ಟು ದಿನ ಅಳಿಯನ ಗತಿಯೇನು ಎಂಬ ಚಿಂತೆ ಚಿಗಟೇರಿಯಲ್ಲಿದ್ದ ಅತ್ತೆ ಮರುಳಸಿದ್ದಮ್ಮನವರನ್ನು ಹತ್ತಿತ್ತು. “ಐತವಾರ ಊಟಕ್ಕ ಬರ್ತೀನಿ. ಅಳಿಯಾರು ತಮ್ಮ ಕೈಯಾರೆ ಮಾಡಿ ಬಡಸಲಿ. ಬಾಯಿಗೆ ಹತ್ತಿತಾ, ನಾನು ವಾಪಸ್. ಇಲ್ಲಾ, ಎರಡು ತಿಂಗಳೂ ಅಲ್ಲೇ ಇರ್ತೀನಿ” ಎಂದು ಫೋನಿನಲ್ಲಿ ಸಾರಿಬಿಟ್ಟಿದ್ದರು.

ಎರಡು ತಿಂಗಳು! ಮರುಳಸಿದ್ದಮ್ಮ ಕೋಳಿಗಿಂತ ಮೊದಲು ಎದ್ದು ಕೊಡ ಪಾತ್ರೆ ಬಡಿಯುವವರು. ಕ್ರಿಕೆಟ್ ಕೊನೆಯ ಓವರಿಗೆ ಬಂದಾಗಲೇ ರಿಮೋಟು ಕಸಿದು ಧಾರಾವಾಹಿ ಹಾಕುವವರು. ಸಂಜೆಯ ಮಂಡಕ್ಕಿ ಮಿರ್ಚಿಯನ್ನು ಕಂಡರಂತೂ “ಹೊಟ್ಟಿ ಏನು, ಕಸದ ಡಬ್ಬಿ ಏನು?” ಎಂದು ಕೇಳುವವರು.

ಹಾಗಾಗಿ ಮೇಷ್ಟ್ರು ಯುದ್ಧಕ್ಕಿಳಿದರು. ಎಳೆ ಬದನೆಕಾಯಿ ಸೀಳಿ, ಶೇಂಗಾಪುಡಿ, ಗುರೆಳ್ಳು, ಕೆಂಪು ಖಾರ, ಉಪ್ಪು, ಧಾರಾಳ ಹುಣಸೆಹುಳಿ ಕಲಸಿ ತುಂಬಿ, ಎಣ್ಣೆಯಲ್ಲಿ ಹದವಾಗಿ ಬೇಯಿಸಿದರು. ಸಮತಾ ಒಂದು ತುತ್ತು ಬಾಯಿಗಿಟ್ಟು ಕಣ್ಣರಳಿಸಿದಳು.

“ರೀ, ಖರೇನ ಚಲೋ ಆಗೈತಿ! ಇನ್ನ ಏನೂ ಮಾಡಾಕ ಹೋಗಬ್ಯಾಡ್ರಿ. ಆರಿದ ಮ್ಯಾಲೆ ಒಂದು ತಾಟು ಮುಚ್ಚಿ ಫ್ರಿಜ್ಜಿನಾಗ ಇಟ್ಟುಬಿಡ್ರಿ.”

“ತಾಟು!” ಮೇಷ್ಟ್ರು ನಕ್ಕರು. “ಯಾವ ಕಾಲದಾಗ ಅದಿ ನೀನು?”

ಚೀಲದಿಂದ ಬ್ರಹ್ಮಾಸ್ತ್ರ ಹೊರಬಂತು: ಅಲ್ಯೂಮಿನಿಯಂ ಫಾಯಿಲಿನ ದಪ್ಪ ಸುರುಳಿ! ಮೊಬೈಲಿನಲ್ಲಿ ಯಾವನೋ ಬಿಳಿ ಟೋಪಿಯ ಬಾಣಸಿಗ ಕಂಡದ್ದನ್ನೆಲ್ಲ ಇದರಲ್ಲಿ ಸುತ್ತುವುದನ್ನು ನೋಡಿ ಅವರು ಮರುಳಾಗಿದ್ದರು. ಅಂಗಡಿಯವನು ಅದನ್ನು ‘ಸಿಲ್ವರ್ ಪೇಪರ್’ ಅಂದಿದ್ದ.

“ನೋಡು, ಹೊಳೆಯೋ ಮೈ ಒಳಗ ಬರಬೇಕು. ಪ್ರತಿಫಲನದ ನಿಯಮದ ಪ್ರಕಾರ...”

“ಯಾವ ಮೈ ಒಳಗ ಬಂದ್ರೂ ಅಷ್ಟರಿ. ಆದ್ರ ಹುಳಿ ಪದಾರ್ಥಕ್ಕ ತಾಗಂಗ ಹಾಕಬ್ಯಾಡ್ರಿ ಅಂತ ಅದರ ಡಬ್ಬಿ ಮ್ಯಾಲೇ ಬರದಾರ.”

“ಡಬ್ಬಿ ಓದಿ ಪಾಠ ಮಾಡಾಂವ ಅಲ್ಲ ನಾನು!”

ಸ್ಟೀಲಿನ ಬೋಗುಣಿಯಲ್ಲಿದ್ದ ಪಲ್ಯದ ಮೇಲೆ ಫಾಯಿಲನ್ನು ಗಾಳಿ ಸುಳಿಯದಂತೆ ಒತ್ತಿ ಒತ್ತಿ ಮುಚ್ಚಿದರು. ಕೈ ಅಷ್ಟಕ್ಕೇ ನಿಲ್ಲಲಿಲ್ಲ. ಎಣ್ಣೆ ಸಿಡಿದು ಹೊಲಸಾಗಬಾರದೆಂದು ಗ್ಯಾಸಿನ ಕಟ್ಟೆಗೆ, ಗೋಡೆಗೆ, ಸಾಸಿವೆ ಡಬ್ಬಿಗೆ, ಕೊನೆಗೆ ಲಟ್ಟಣಿಗೆಗೂ ಬೆಳ್ಳಿ ಅಂಗಿ ತೊಡಿಸಿದರು!

ಭಾನುವಾರ ಬೆಳಿಗ್ಗೆ ಡ್ಯೂಟಿಗೆ ಹೊರಟ ಸಮತಾ ಬಾಗಿಲಲ್ಲಿ ನಿಂತು ಹೇಳಿದಳು. “ಮೈಕ್ರೋವೇವ್ ಓವನ್ ಹೊಸಾದು ಐತಿ. ಸ್ಟೀಲಿನ ಪಾತ್ರಿ ಅದರಾಗ ಇಡಬ್ಯಾಡ್ರಿ.”

“ವಿಜ್ಞಾನದ ಮೇಷ್ಟ್ರಿಗೆ ಹೇಳ್ತಿಯೇನು? ಹೋಗು, ಹೋಗು!”

ಅತ್ತೆ ಬರುವ ಹೊತ್ತಾಯಿತೆಂದು ಮೇಷ್ಟ್ರು ಫ್ರಿಜ್ ತೆರೆದು ಬೋಗುಣಿ ಹೊರಗೆಳೆದರು. ಗಾಬರಿಯಾದರು! ಫಾಯಿಲಿನ ತುಂಬ ತೂತು. ಜರಡಿಯಾಗಿತ್ತು! ತೂತಿನ ಕೆಳಗಿದ್ದ ಬದನೆಕಾಯಿಗಳ ಮೇಲೆ ಬೂದು ಬಣ್ಣದ ಚುಕ್ಕೆಗಳು.

“ಇಲಿ!” ಎಂದು ಹಲ್ಲು ಕಡಿದರು. ಮರುಕ್ಷಣವೇ ತಲೆ ಕೆರೆದುಕೊಂಡರು. ಇಲಿ ಫ್ರಿಜ್ಜಿನ ಬಾಗಿಲು ತೆರೆದು, ಕಡಿದು, ಮತ್ತೆ ನೆನಪಿನಿಂದ ಬಾಗಿಲು ಹಾಕಿಕೊಂಡು ಹೋಯಿತೇ? ಇಂಥ ಶಿಸ್ತಿನ ಇಲಿ ಅವರ ಹತ್ತನೆಯ ಕ್ಲಾಸಿನಲ್ಲೂ ಇರಲಿಲ್ಲ!

ಯೋಚಿಸುವ ಹೊತ್ತಲ್ಲ. ಚುಕ್ಕೆಗಳನ್ನು ಕೆರೆದು ತೆಗೆದರು. ಪಲ್ಯವನ್ನು ಗಾಜಿನ ಬಟ್ಟಲಿಗೆ ಸುರಿದು, ಮೇಲೆ ಹೊಸ ಫಾಯಿಲು ಬಿಗಿದು ಓವನ್ನಿನೊಳಗಿಟ್ಟರು. ಸ್ಟೀಲು ಬೇಡ ಅಂದಿದ್ದಳಲ್ಲ? ಇದು ಗಾಜು. ಮೇಲಿರುವುದು ಪೇಪರು. ಪೇಪರಿನಿಂದ ಏನಾದೀತು? ಗುಂಡಿ ಒತ್ತಿದರು.

ಚಟ್! ಚಟಪಟ! ಓವನ್ನಿನೊಳಗೆ ಮಿಂಚು ಕುಣಿಯಿತು. “ಅಯ್ಯಯ್ಯೋ!” ಎಂದು ಮೇಷ್ಟ್ರು ಹಿಂದಕ್ಕೆ ಹಾರಿದರು. ಢಬ್ ಎಂಬ ಸದ್ದಿನೊಂದಿಗೆ ಮನೆಯ ಕರೆಂಟೆಲ್ಲ ಹೋಯಿತು. ಸುಟ್ಟ ವಾಸನೆ ನಡುಮನೆಯವರೆಗೂ ಹಬ್ಬಿತು.

“ಯಾರದಾರ ಒಳಗ?” ಬಾಗಿಲಲ್ಲಿ ಮರುಳಸಿದ್ದಮ್ಮ!

ಒಳಗೆ ಬಂದವರು ಅಡುಗೆಮನೆಯನ್ನು ಮೇಲಿನಿಂದ ಕೆಳಗೆ ನೋಡಿದರು. ಗೋಡೆ ಮಿಂಚುತ್ತಿತ್ತು, ಕಟ್ಟೆ ಮಿಂಚುತ್ತಿತ್ತು, ಅಳಿಯನ ಹಣೆಯ ಬೆವರೂ ಮಿಂಚುತ್ತಿತ್ತು.

“ಏನ್ರಿ ಅಳಿಯಾರ, ಅಡಿಗಿಮನಿಯಾಗ ಯಾರ ಮದುವಿ ಇಟ್ಟೀರಿ?”

“ಅದು... ಸ್ವಚ್ಛ ಇರಲಿ ಅಂತ್ರಿ ಅತ್ತಿ.”

ಮರುಳಸಿದ್ದಮ್ಮ ಓವನ್ನಿನಿಂದ ಬಟ್ಟಲು ತೆಗೆದು ಫಾಯಿಲು ಬಿಚ್ಚಿದರು. “ಬದನಿಕಾಯಿ ಹಿಂಗ್ಯಾಕ ಗಾಯ ಗಾಯ ಆಗ್ಯಾವ?”

ಮೇಷ್ಟ್ರ ಬಾಯಿಂದ ಹೊರಬಿತ್ತು. “ಇಲಿ ಕಡದೈತ್ರಿ!”

“ಇಲಿ ಕಡದಿದ್ದು ನನಗ ಬಡಸಾಕ ಹತ್ತೀರೇನು?”

ಮೇಷ್ಟ್ರು ಪಕ್ಕದಲ್ಲಿದ್ದ ಸ್ಟೀಲಿನ ಬೋಗುಣಿಯನ್ನೂ ತೂತುಬಿದ್ದ ಫಾಯಿಲನ್ನೂ ನೋಡಿದರು. ಒಂದು ಲೋಹ. ಇನ್ನೊಂದು ಲೋಹ. ನಡುವೆ ಉಪ್ಪು, ಹುಣಸೆಹುಳಿ. ವರ್ಷಾ ವರ್ಷಾ ಬೋರ್ಡಿನ ಮೇಲೆ ಬಣ್ಣದ ಚಾಕಿನಲ್ಲಿ ಅವರೇ ಬರೆಯುವ ಚಿತ್ರ! ಹುಳಿ ಅಲ್ಯೂಮಿನಿಯಮ್ಮನ್ನು ತಿಂದುಹಾಕಿತ್ತು.

“ಅತ್ತೀ, ಇಲಿ ಅಲ್ರಿ! ನಾನು ಬ್ಯಾಟರಿ ಮಾಡೀನಿ!” ಎಂದು ಹಿಗ್ಗಿನಿಂದ ಕೂಗಿಬಿಟ್ಟರು.

ಮರುಳಸಿದ್ದಮ್ಮ ಬಟ್ಟಲನ್ನು ಕೆಳಗಿಟ್ಟರು. “ಚಿಗಟೇರಿಯಿಂದ ಇಷ್ಟು ದೂರ ಬ್ಯಾಟರಿ ತಿನ್ನಾಕ ಬಂದೆನೇನ್ರಿ ನಾನು?”

ಮಧ್ಯಾಹ್ನ ಸಮತಾ ಮನೆಗೆ ಬಂದಾಗ ಅವ್ವ ಲಟ್ಟಣಿಗೆಯ ಬೆಳ್ಳಿ ಅಂಗಿ ಸುಲಿಯುತ್ತಿದ್ದರು. ಬದನೆಕಾಯಿ ತಿಪ್ಪೆ ಸೇರಿತ್ತು. ಮೇಷ್ಟ್ರು ಉಸಿರು ನಿಂತ ಓವನ್ನಿನ ಮುಂದೆ ಕುಳಿತಿದ್ದರು. ಸಮತಾ ಎಲ್ಲವನ್ನೂ ಕೇಳಿ, ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ ಹಣೆ ಹಣೆ ಬಡಿದುಕೊಂಡಳು.

“ಪೇಪರ್ ಅಂದ್ರ ಕಾಗದ ಆಗಿಬಿಡ್ತೈತೇನ್ರಿ? ಅದೂ ಲೋಹನ ಅಲ್ಲ? ಇದಕ್ಕ ಫಾಯಿಲ್ ಅನ್ನಬಾರದು, ಫೇಲ್ ಅನ್ನಬೇಕು!”

ಮರುಳಸಿದ್ದಮ್ಮ ಬಿಸಿ ರೊಟ್ಟಿ ಬಡಿದು, ಕಡಲೆಹಿಟ್ಟಿನ ಜುಣಕ ಮಾಡಿ ಬಡಿಸಿದರು. ಮೇಷ್ಟ್ರು ತಲೆ ಎತ್ತದೆ ಉಂಡರು. ಊಟವಾದ ಮೇಲೆ ಅತ್ತೆ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ತೀರ್ಪು ಕೊಟ್ಟರು.

“ಸಮತಾ, ನಾನು ಇಲ್ಲಿ ಇರಂಗಿಲ್ಲವ್ವ.”

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು! ಕ್ರಿಕೆಟ್ಟು, ಮಂಡಕ್ಕಿ, ಮಿರ್ಚಿ ಎಲ್ಲ ಕಣ್ಣ ಮುಂದೆ ಸಾಲಾಗಿ ಬಂದು ಕೈಬೀಸಿದವು. “ಇರಲಿ ಬಿಡ್ರಿ ಅತ್ತಿ, ನಿಮಗೂ ಅಲ್ಲಿ ಕೆಲಸ ಇರ್ತಾವು” ಎಂದು ಬಲು ವಿನಯದಿಂದ ನುಡಿದರು.

“ಹೌದಲ್ಲ. ಅದಕ್ಕ ನೀವ ಚಿಗಟೇರಿಗೆ ಬರ್ರಿ. ಮುಂಜಾನಿ ಬಸ್ಸಿಗೆ ಸಾಲಿಗೆ ಬಂದು, ಸಂಜಿ ಬಸ್ಸಿಗೆ ವಾಪಸ್ ಬಂದುಬಿಡ್ರಿ. ಎರಡು ತಿಂಗಳು ಈ ಮನಿಗೆ ಬೀಗ ಬೀಳಲಿ. ನಿಮ್ಮನ್ನ ಕಾಯಾಕ ಅಂತ ಬಂದೆ, ಇಲ್ಲಿ ನೋಡಿದ್ರ ನಿಮ್ಮಿಂದ ಮನಿನ ಕಾಯಬೇಕಾಗೈತಿ!”

ಮೇಷ್ಟ್ರು ಸಹಾಯಕ್ಕಾಗಿ ಹೆಂಡತಿಯ ಕಡೆ ನೋಡಿದರು. ಸಮತಾ ಆಗಲೇ ಅಟ್ಟದ ಮೇಲಿನ ಪೆಟ್ಟಿಗೆಗೆ ಕೈ ಚಾಚಿದ್ದಳು.

“ಅವ್ವಾ, ಇವರನ್ನ ಎಲ್ಲಿ ಮಲಗಸ್ತಿ?”

“ಪಡಸಾಲ್ಯಾಗ ಮಲಗ್ಲಿ, ಅಟ್ಟದ ಮ್ಯಾಲೆ ಮಲಗ್ಲಿ, ಎಲ್ಲೆರ ಮಲಗ್ಲಿ. ಅಡಿಗಿಮನಿ ಕೀಲಿ ಮಾತ್ರ ನನ್ನ ಸೊಂಟದಾಗ ಇರ್ತೈತಿ!”