ಅಷ್ಟೂರಿನ ಗುಮ್ಮಟದ ಮುಂದೆ ನನ್ನ ಗೆಳೆಯರ ಬಳಗ

ಮಗಳ ಬಾಣಂತನಕ್ಕೆಂದು ನನ್ನವಳು ಭಾಲ್ಕಿಗೆ ಹೋಗಿ ಎರಡು ತಿಂಗಳಾಗಿತ್ತು. ಔರಾದದ ಮನೆಯಲ್ಲಿ ನಾನು, ಒಂದು ತಾಟು, ಒಂದು ಲೋಟ. ಆದರೆ ಫೋನಿನಲ್ಲಿ ನಾನು ಸೋಲುವವನಲ್ಲ!

“ಒಬ್ಬರೇ ಕುಂತು ಬ್ಯಾಸರ ಆಗೂದಿಲ್ಲೇನ್ರಿ? ನಾ ಬಂದ್‌ಬಿಡ್ತೇನಿ.”

“ಒಬ್ಬನೇ ಎಲ್ಲಿ? ಐತವಾರ ಗೆಳ್ಯಾರೆಲ್ಲ ಕೂಡಿ ಅಷ್ಟೂರ ಗುಮ್ಮಟ ನೋಡ್ಲಿಕ್ಕ ಹೊಂಟೀವಿ. ನೀ ಕೂಸಿನ ಕಡಿ ನೋಡು.”

“ಹಂಗಾದ್ರ ಎಲ್ಲಾರದೂ ಫೋಟೊ ಕಳಸ್ರಿ. ಇಲ್ಲಂದ್ರ ಸೋಮವಾರ ಬಸ್ ಹತ್ತತೇನಿ!”

ಗೆಳೆಯರನ್ನು ಕೇಳಿದೆ. ಒಬ್ಬನಿಗೆ ಮೊಣಕಾಲು ನೋವು, ಒಬ್ಬನಿಗೆ ಸೋಯಾ ರಾಶಿ, ಮತ್ತೊಬ್ಬ ಫೋನೇ ಎತ್ತಲಿಲ್ಲ. ಎಂಟೂಕಾಲರ ಬಸ್ಸಿಗೆ ಒಬ್ಬನೇ ಹತ್ತಿದೆ. ಗುಮ್ಮಟ ನೋಡಲು ಯಾರಾದರೂ ಬಂದೇ ಇರುತ್ತಾರೆ, ಅವರೇ ನನ್ನ ಗೆಳೆಯರು!

ಬೀದರಿನಾಚೆಯ ಅಷ್ಟೂರಿನಲ್ಲಿ ಹಳೆಯ ಸುಲ್ತಾನರ ಗೋರಿ-ಗುಮ್ಮಟಗಳು ಸಾಲಾಗಿ ನಿಂತಿದ್ದವು. ಅರ್ಧ ಕುಸಿದ ಗುಮ್ಮಟಕ್ಕೂ ಅಕ್ಕಪಕ್ಕ ಜೊತೆಯಿತ್ತು. ಒಂದರ ನೆರಳಿನಲ್ಲಿ ಎರಡು ಮನೆಯವರು ಜಮಖಾನೆ ಹಾಸಿ, ಹುಡುಗ-ಹುಡುಗಿ ತೋರಿಸುವ ಕಾರ್ಯ ನಡೆಸಿದ್ದರು. ನಾನು ಗೋಡೆ ಪರಿಶೀಲಿಸುವ ಪಂಡಿತನಂತೆ ಅಂಚಿನಲ್ಲಿ ನಿಂತೆ.

“ಯಾಕ್ರಿ ಕಾಕಾ, ದೂರ ನಿಂತೀರಿ? ಬರ್ರಿ!” ಹುಡುಗಿಯ ತಂದೆ ಕೈಹಿಡಿದು ಕೂಡಿಸಿದರು. ಅವರ ಲೆಕ್ಕದಲ್ಲಿ ನಾನು ಹುಡುಗನ ಕಡೆಯವ. ಅವರು ಕೂಡಿಸಿದ್ದು ನೋಡಿ, ಹುಡುಗನ ಕಡೆಯವರ ಲೆಕ್ಕದಲ್ಲಿ ಹುಡುಗಿಯ ಕಾಕಾ! ಬೀಗರಾಗುವವರನ್ನು ‘ನೀವ್ಯಾರು’ ಎಂದು ಕೇಳುವುದುಂಟೇ? ಚೂಡಾ ಬಂತು, ಉಂಡಿ ಬಂತು, ಚಹಾ ಬಂತು.

“ಹಿರ್ಯಾರು ಹೇಳ್ರಿ, ಜೋಡಿ ಹ್ಯಾಂಗದ?”

ಉಂಡಿ ತಿಂದ ಬಾಯಿ. “ಭಾಳ ಛಲೋ ಅದರಿ!” ಎಂದೆ.

ಸಂತೋಷದಲ್ಲಿ ಫೋಟೊಕ್ಕೆ ನನ್ನನ್ನೇ ನಡುವೆ ನಿಲ್ಲಿಸಿದರು. ನನ್ನ ಫೋನಿನಲ್ಲೂ ಒಂದು ತೆಗೆಸಿಕೊಂಡೆ. ಅಷ್ಟರಲ್ಲಿ ಹುಡುಗನ ಅಜ್ಜಿ ಕೇಳಿಯೇಬಿಟ್ಟರು: “ಈ ಕಾಕಾ ನಿಮಗೇನಾಗಬೇಕ್ರಿ?”

“ನಮ್ಮವರಲ್ಲರಿ! ನಿಮ್ಮವರಲ್ಲೇನು?”

ಗುಮ್ಮಟವೇ ತಲೆ ಮೇಲೆ ಬಿದ್ದಂತಾಯಿತು. “ಬಸ್ಸಿನ ಟೈಮಾತು, ಬರ್ತೇನ್ರಿ,” ಎಂದವನು ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ನಡೆದೆ ಎಂದರೆ, ಓಡಿದೆ.

ಬೀದರಿನಲ್ಲಿ ಔರಾದ ಬಸ್ಸು ಹತ್ತಿ, ವಿಜಯಿಯಾಗಿ ಫೋಟೊ ಕಳಿಸಿದೆ. ಎರಡೇ ನಿಮಿಷಕ್ಕೆ ಅವಳ ಫೋನು.

“ಇವರೆಲ್ಲಾ ಯಾರ್ರಿ?”

“ಗೆಳ್ಯಾರು, ಅವರ ಮನಿಯವರು!”

“ಜುಬ್ಬಾ ತಿರುವಿ ಹಾಕ್ಕೊಂಡೀರಿ. ಹೊಲಿಗಿ ಎಲ್ಲಾ ಹೊರಗ ಕಾಣ್ತಾವ. ಇಷ್ಟು ಗೆಳ್ಯಾರೊಳಗ ಒಬ್ಬರರ ಹೇಳಲಿಲ್ಲೇನು?”

ನೋಡಿಕೊಂಡೆ. ಹೌದು!

“ನಾಳಿ ಮುಂಜಾನಿ ಬಸ್ಸಿಗಿ ಬರ್ತೇನಿ. ಎರಡು ದಿನ ಇದ್ದು ಹೋಗ್ತೇನಿ,” ಎಂದಳು, ಮೆಲ್ಲಗೆ.

ಬ್ಯಾಡ ಅನ್ನಬೇಕಿತ್ತು. ಅನ್ನಲಿಲ್ಲ.

ಹೊಲಿಗೆ ಯಾರಿಗೂ ಕಾಣದಿರಲೆಂದು ಔರಾದ ಬರುವವರೆಗೂ ಎದೆಗೆ ಕೈಕಟ್ಟಿಕೊಂಡು ಕೂತೆ. ಪಕ್ಕದ ಸೀಟು ಖಾಲಿಯೇ ಇತ್ತು!