ಒಂಟಿ ಶೂಗಳ ಒಪ್ಪಂದ

ನನಗೊಂದು ದೊಡ್ಡ ಜಂಬವಿದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವಾಗಿ ಕಂಡುಹಿಡಿದರೆ ನನಗೆ ಅವಮಾನ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೆ ತುಮಕೂರಿನಲ್ಲಿ ವೆಲ್ಡಿಂಗ್ ಅಂಗಡಿ ಹಾಕಿದ ಮೇಲೆ ಜ್ವರ ಬಂದರೂ ಬಾಗಿಲು ತೆಗೆಯದ ದಿನವಿಲ್ಲ. ಊರಿನ ಅರ್ಧ ಗೇಟುಗಳು ನನ್ನ ಕೈಯಲ್ಲೇ ಹುಟ್ಟಿದ್ದು ಎಂದು ಹೇಳಿಕೊಳ್ಳುತ್ತೇನೆ. ಕಾಲು ಭಾಗ ಅಂತಿಟ್ಟುಕೊಳ್ಳಿ.

ಇಂಥ ನಾನು ಐವತ್ತರ ಹತ್ತಿರ ಬಂದು ಮ್ಯಾರಥಾನ್ ಹುಚ್ಚಿಗೆ ಬಿದ್ದೆ. ಜೊತೆಗೆ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಶಿವಲಿಂಗಯ್ಯ ಮೇಷ್ಟ್ರು, ಪಕ್ಕದ ಅಂಗಡಿಯ ಟೈಲರ್ ರುದ್ರೇಶಿ. ಮೊದಲ ವಾರ ಮೂವರೂ ಜಿಂಕೆಗಳು. ಮೂರನೇ ವಾರ ಒಬ್ಬನಿಗೆ ನೆಗಡಿ, ಒಬ್ಬರಿಗೆ ಪರೀಕ್ಷೆ ಪೇಪರು, ಇನ್ನೊಬ್ಬನ ಭಾಮೈದ ಕುಣಿಗಲ್ಲಿನಿಂದ ಬಂದಿದ್ದ. ಆ ಇನ್ನೊಬ್ಬ ನಾನೇ. ಆಗ ನನ್ನ ತಲೆಯಿಂದಲೇ ಉಪಾಯವೊಂದು ಹೊರಟಿತು: ಓಟ ಮುಗಿದ ಕೂಡಲೇ ಎಲ್ಲರ ಬಲಗಾಲಿನ ಶೂ ಇನ್ನೊಬ್ಬರ ಮನೆಗೆ ಹೋಗಬೇಕು. ನನ್ನದು ಮೇಷ್ಟ್ರ ಮನೆಗೆ, ಅವರದು ರುದ್ರೇಶಿ ಮನೆಗೆ, ರುದ್ರೇಶಿಯದು ನಮ್ಮ ಮನೆಗೆ. ಒಬ್ಬ ಮಲಗಿದರೆ ಇನ್ನೊಬ್ಬ ಒಂಟಿ ಶೂನಲ್ಲಿ ನಿಲ್ಲಬೇಕು. ಆ ನಾಚಿಕೆಗಾದರೂ ಏಳುತ್ತೇವೆ. ಎದ್ದೆವು ಕೂಡ, ನಾಲ್ಕು ತಿಂಗಳು. ಬೆಳಗಿನ ಐದಕ್ಕೆ ಕೈಯಲ್ಲೊಂದೊಂದು ಶೂ ಹಿಡಿದು ಬರುವ ನಮ್ಮನ್ನು ಕಂಡು ಹಾಲಿನವನು ದೂರದಿಂದಲೇ ದಾರಿ ಬಿಡುತ್ತಿದ್ದ.

ಮ್ಯಾರಥಾನ್‌ಗೆ ಮೂರು ವಾರವಿದ್ದಾಗ ಒಂದು ದಿನ ಇಪ್ಪತ್ತು ಕಿಲೋಮೀಟರ್ ದೂರದ ಗುಬ್ಬಿಯವರೆಗೆ ಓಡುವುದೆಂದು ತೀರ್ಮಾನವಾಯಿತು. "ಅವತ್ತು ಬರದೆ ಇದ್ದೋನು ಮ್ಯಾರಥಾನ್‌ಗೂ ಬರಬಾರ್ದು" ಎಂದು ನಾನೇ ಎದೆಯುಬ್ಬಿಸಿ ಹೇಳಿದೆ. ಓಟದ ಹಿಂದಿನ ದಿನ ಮಧ್ಯಾಹ್ನ ಹತ್ತಿರದ ಹಳ್ಳಿ ಕೋರದಲ್ಲೊಂದು ಗೃಹಪ್ರವೇಶ. ಮನೆಯ ಗೇಟು ನನ್ನ ಕೈಯದೇ ಆದ್ದರಿಂದ ಅಭಿಮಾನಕ್ಕೆ ಆರು ಹೋಳಿಗೆ ತಿಂದೆ. ಬೆಳಿಗ್ಗೆ ಎದ್ದರೆ ಆರೂ ಹೊಟ್ಟೆಯಲ್ಲಿ ಹಾಗೇ ಕೂತಿವೆ. ನಾನು ತಪ್ಪಿಸಿಕೊಳ್ಳುವಂತಿಲ್ಲ, ಓಟವೇ ತಪ್ಪಬೇಕು. ರುದ್ರೇಶಿಯ ಶೂ ಎತ್ತಿ ರಾಗಿಹಿಟ್ಟಿನ ಡಬ್ಬದ ಹಿಂದೆ ತುರುಕಿ ಅವನಿಗೆ ಫೋನ್ ಮಾಡಿದೆ. "ನಿನ್ ಶೂ ನಾಯಿ ಎತ್ಕಂಡ್ ಹೋಯ್ತು ಕಣೋ. ಇವತ್ತು ಬುಡು, ಮುಂದಿನ್ ವಾರ ಮೂವರೂ ಹೋಗಣ."

ಹತ್ತು ನಿಮಿಷಕ್ಕೆ ಗೇಟು ಸದ್ದಾಯಿತು. ಮೇಷ್ಟ್ರ ಕೈಯಲ್ಲಿ ನನ್ನ ಶೂ. ರುದ್ರೇಶಿಯ ಎಡಗಾಲಿಗೆ ಶೂ, ಬಲಗಾಲಿಗೆ ಹವಾಯಿ ಚಪ್ಪಲಿ.

"ನಾಯಿ ಮಾಡಿದ್ ತಪ್ಪಿಗೆ ನಿನ್ ಓಟ ಯಾಕಣ್ಣ ಕೆಡಬೇಕು? ನಾನ್ ಹಿಂಗೇ ಬರ್ತೀನಿ, ನಡಿ."

ತಲೆ ತಗ್ಗಿಸಿ ಶೂ ಕಟ್ಟತೊಡಗಿದೆ. ಅಷ್ಟರಲ್ಲಿ ರೊಟ್ಟಿಗೆ ಹಿಟ್ಟು ತೆಗೆಯಲು ಹೋಗಿದ್ದ ನನ್ನ ಹೆಂಡತಿ ಹೊರಗೆ ಬಂದಳು, ಕೈಯಲ್ಲಿ ಹಿಟ್ಟು ಮೆತ್ತಿದ ಶೂ.

"ರುದ್ರೇಶಿ, ಇದು ನಿಂದೇನಪ್ಪ? ಡಬ್ಬದ ಹಿಂದೆ ಇತ್ತು."

"ನಾಯಿ ಎತ್ಕಂಡ್ ಹೋಯ್ತಂತಲ್ಲ ಅತ್ತಿಗೆ?"

"ನಮ್ ಬೀದಿ ನಾಯಿಗೆ ಡಬ್ಬ ಸರ್ಸೋಕ್ ಬರಲ್ಲಪ್ಪ" ಎಂದು ನನ್ನ ಕಡೆ ನೋಡಿದಳು.

ಗುಬ್ಬಿ ಮುಟ್ಟುವವರೆಗೂ ರುದ್ರೇಶಿ ನನ್ನ ಹಿಂದೆ ಬೊಗಳುತ್ತಲೇ ಓಡಿದ. ನಗು ತಡೆಯಲಾರದೆ ಮೇಷ್ಟ್ರು ಎರಡು ಸಲ ರಸ್ತೆ ಬದಿ ಕೂತರು. ನನಗೆ ಮಾತ್ರ ನಿಲ್ಲುವ ಧೈರ್ಯವಿರಲಿಲ್ಲ. ಅಷ್ಟು ಚೆನ್ನಾಗಿ ನಾನು ಓಡಿದ್ದು ಅದೇ ಮೊದಲು. ಗುಬ್ಬಿಯಲ್ಲಿ ಇಡ್ಲಿ ಮುಂದೆ ಕೂತು ಮೇಷ್ಟ್ರು ತೀರ್ಪು ಕೊಟ್ಟರು: "ಗಂಗಣ್ಣ, ಮ್ಯಾರಥಾನ್‌ಗೆ ನೀವೂ ಬನ್ನಿ. ಆದ್ರೆ ಇನ್ಮೇಲೆ ನಿಮ್ ಎರಡೂ ಶೂ ನಮ್ಮನೇಲಿರ್ಲಿ."

ಹಾಗಾಗಿ ಈಗ ದಿನಾ ಐದಕ್ಕೆ ಮೊದಲೇ ಬರಿಗಾಲಲ್ಲಿ ಮೇಷ್ಟ್ರ ಮನೆ ಬಾಗಿಲಲ್ಲಿ ನಿಂತಿರುತ್ತೇನೆ. ಅವರು ಕಿಟಕಿಯಿಂದ ನನ್ನ ಹೆಸರು ಕೂಗುತ್ತಾರೆ, ನಾನು "ಹಾಜರ್ ಸಾರ್" ಎನ್ನುತ್ತೇನೆ, ಆಮೇಲೇ ಶೂ. ಏಳನೇ ಕ್ಲಾಸಿಗೆ ಬಿಟ್ಟ ಶಾಲೆಗೆ ಮತ್ತೆ ಸೇರಿದಂತಾಗಿದೆ. ಇದುವರೆಗೆ ಒಂದು ದಿನವೂ ತಪ್ಪಿಸಿಲ್ಲ. ಹೇಳಿದೆನಲ್ಲ, ನನಗೊಂದು ಜಂಬವಿದೆ.