ದರೋಜಿಯ ಕರಡಿ, ಲಂಡನ್ನಿನ ಕಣ್ಣು

ಲಂಡನ್ನಿನವರು ಕಟ್ಟಿದ ಯಂತ್ರಕ್ಕೆ ಹೊಸಪೇಟೆಯವರು ಪಾಠ ಹೇಳಲು ಕೂತರೆ ವಾರಕ್ಕೊಂದು ಎಡವಟ್ಟಾದರೂ ಆಗಲೇಬೇಕು. ನಾನು ಮೊದಲು ಸಂಡೂರಿನ ಗಣಿಯಲ್ಲಿ ಲಾರಿಗಳ ತೂಕ ಬರೆಯುತ್ತಿದ್ದವನು. ಆ ಕೆಲಸ ಹೋದ ಮೇಲೆ ಲಂಡನ್ನಿನ ಈ ಕಂಪನಿಯ ಹೊಸಪೇಟೆ ಆಫೀಸು ಸೇರಿದೆ. ಹೊಲಕ್ಕೆ ಕರಡಿ ಬಂದರೆ ಕ್ಯಾಮೆರಾ ನೋಡಿ ತಾನೇ ಕೂಗಿ ಹೇಳುವ ಯಂತ್ರ ಅವರದು. ಕರಡಿ ಹೇಗಿರುತ್ತದೆ ಎಂದು ಅದಕ್ಕೆ ಫೋಟೋ ತೋರಿಸಿ ಕಲಿಸುವವರು ನಾವು ಆರು ಜನ.

೧. ಬಂಡೆ

ನಮ್ಮ ಕಡೆ ಕರಡಿ ಇರುವುದೇ ಬಂಡೆಗಳ ನಡುವೆ, ದೂರದಿಂದ ಎರಡೂ ಒಂದೇ ಥರ. ಹಾಗಾಗಿ ಫೋಟೋದಲ್ಲಿರುವ ಒಂದೊಂದು ಬಂಡೆಗೂ ಗೆರೆ ಹಾಕಿ ‘ಇದು ಬಂಡೆ, ಕರಡಿಯಲ್ಲ’ ಎಂದು ಬರೆಯಬೇಕಿತ್ತು. ಹಂಪಿಯ ಫೋಟೋ ಕೊಟ್ಟಿದ್ದರು. ಬೆಳಗ್ಗೆ ಕೂತವನು ಸಂಜೆಯ ಹೊತ್ತಿಗೆ ಮೂರು ಫೋಟೋ ಮುಗಿಸಿದ್ದೆ. ಇಷ್ಟು ನಿಧಾನ ಯಾಕೆ ಎಂದು ಲಂಡನ್ನಿನ ಇಂಜಿನಿಯರ್ ಹುಡುಗಿ ವಿಚಾರಿಸಿದಳು. ಒಂದೇ ಫೋಟೋದಲ್ಲಿ ಇನ್ನೂರು ಬಂಡೆ ಇವೆ ಎಂದೆ. ಹಾಗಾದರೆ ಬಂಡೆ ಕಡಿಮೆ ಇರುವ ಜಾಗದ ಫೋಟೋ ಹುಡುಕಿ ಅಂದಳು.

ಕಂಪ್ಲಿಯ ಗದ್ದೆಗೆ ಹೋದರೆ ಬಂಡೆ ಇರುವುದಿಲ್ಲ, ಆದರೆ ಈ ವಿಷಯ ಕರಡಿಗೂ ಗೊತ್ತು ಎಂದೆ.

೨. ನೋಡೋಣ

ಲಂಡನ್ನಿನ ಮ್ಯಾನೇಜರ್ ಭಾಳ ಮರ್ಯಾದಸ್ಥ. ಒಮ್ಮೆ ನಾನೊಂದು ಸಲಹೆ ಕೊಟ್ಟಾಗ ‘ತುಂಬಾ ಸ್ವಾರಸ್ಯಕರ’ ಅಂದ. ಮೆಚ್ಚಿದನೆಂದು ಮನೆಯಲ್ಲಿ ಹೋಳಿಗೆ ಮಾಡಿಸಿ ತಿಂದೆವು. ಅವರ ಭಾಷೆಯಲ್ಲಿ ಅದರ ಅರ್ಥ ‘ಇದು ಆಗುವ ಮಾತಲ್ಲ’ ಎಂದು ಇಂಜಿನಿಯರ್ ಹುಡುಗಿ ಆಮೇಲೆ ತಿಳಿಸಿದಳು.

ನನ್ನ ಸರದಿಯೂ ಬಂತು. ಯುಗಾದಿ ದಿನ ಒಂದೆರಡು ತಾಸು ಕೆಲಸ ಮಾಡ್ತೀರಾ ಎಂದು ಅವನು ಕೇಳಿದ. ‘ನೋಡೋಣ’ ಅನ್ನುವುದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಪಾಪ, ಹಬ್ಬದ ದಿನವೆಲ್ಲ ಕಂಪ್ಯೂಟರ್ ಮುಂದೆ ಕಾದು ಕೂತಿದ್ದನಂತೆ. ಮರುದಿನ, ನೋಡೋಣ ಅಂದಿದ್ದಿರಲ್ಲ, ಏನು ನೋಡಿದಿರಿ ಎಂದು ಕೇಳಿದ.

‘ಹಬ್ಬ’ ಅಂದೆ.

೩. ಕರಡಿ

ಅಷ್ಟರಲ್ಲಿ ಲಂಡನ್ನಿನ ಕಂಪನಿಗಳಲ್ಲಿ ಜನರನ್ನು ಮನೆಗೆ ಕಳಿಸುವುದು ಶುರುವಾಯಿತು. ಕಂಪನಿಗೆ ದುಡ್ಡು ಹಾಕುವವರ ಮುಂದೆ ಯಂತ್ರವನ್ನು ಓಡಿಸಿ ತೋರಿಸಬೇಕು, ಅವರು ಒಪ್ಪದಿದ್ದರೆ ಹೊಸಪೇಟೆ ಆಫೀಸು ಬಂದ್ ಎಂದು ಮ್ಯಾನೇಜರ್ ತಿಳಿಸಿದ. ನಾವು ಆರೂ ಜನ ಊಟ ಬಿಟ್ಟು ಕೂತೆವು.

ದರೋಜಿಯಲ್ಲಿ ರೈತನೊಬ್ಬನ ಮನೆಗೆ ಹೊಂದಿಕೊಂಡ ಶೇಂಗಾ ಹೊಲದಲ್ಲಿ ಕ್ಯಾಮೆರಾ ಇಟ್ಟಿದ್ದೆವು. ಅವತ್ತು ಮಧ್ಯಾಹ್ನದಿಂದ ಜಿಟಿಜಿಟಿ ಮಳೆ. ಲಂಡನ್ನಿನಲ್ಲಿ ಎಲ್ಲರೂ ಪರದೆ ಮುಂದೆ ಸೇರಿದ ಐದು ನಿಮಿಷಕ್ಕೆ ಯಂತ್ರ ಕೂಗಿಕೊಂಡಿತು. ಬಳ್ಳಿಯ ನಡುವೆ ಕಪ್ಪಗೆ, ರೋಮ ರೋಮವಾಗಿ ಏನೋ ಬಗ್ಗಿತ್ತು. ಅಲ್ಲಿ ಚಪ್ಪಾಳೆ ಬಿತ್ತು. ರೈತನಿಗೆ ಕೂಡಲೇ ಎಚ್ಚರಿಕೆ ಹೇಳಿ ಎಂದು ಮ್ಯಾನೇಜರ್ ಅವಸರಪಡಿಸಿದ. ಸ್ಪೀಕರ್ ಹಾಕಿ ಫೋನ್ ಮಾಡಿದೆ. ಎತ್ತಿದ್ದು ರೈತನ ಹೆಂಡತಿ. ನಿಮ್ಮ ಹೊಲಕ್ಕೆ ಕರಡಿ ಬಂದೈತಿ, ಹೊರಗ ಬರಬ್ಯಾಡ್ರಿ ಅಂದೆ. ಆಕೆ ಬಾಗಿಲಿಗೆ ಹೋಗಿ ಇಣುಕಿ ಬಂದಳು.

“ಕರಡಿ ಅಲ್ರೀ, ನಮ್ಮ ಮನಿಯವ್ರು. ಕಂಬಳಿ ಹೊದ್ಕೊಂಡು ಶೇಂಗಾ ಕೀಳಾಕತ್ಯಾರ. ಆದ್ರ ನಿಮ್ಮ ಮಿಷಿನ್ ಭಾಳೇನ್ ತಪ್ಪು ಹೇಳಿಲ್ಲ ಬಿಡ್ರಿ.”

ಆಕೆ ಏನಂದಳು ಎಂದು ಲಂಡನ್ನಿನಿಂದ ಕೇಳಿದರು. ಸುಳ್ಳು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಪರದೆಯ ಮೇಲಿನ ಕರಡಿ ಸೊಂಟ ನೆಟ್ಟಗೆ ಮಾಡಿ ಬೀಡಿ ಹಚ್ಚಿತು. ಇನ್ನು ಮುಚ್ಚಿಡುವುದೇನು, ಆಕೆಯ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ನನ್ನ ಕೆಲಸ ಹೋಯಿತು ಅಂದುಕೊಂಡೆ. ಆಗ ದುಡ್ಡು ಹಾಕುವವರ ಪೈಕಿ ಒಬ್ಬ ಹಿರಿಯ ಹೆಂಗಸು ಕಣ್ಣೀರು ಬರುವಷ್ಟು ನಕ್ಕು, ತನ್ನ ಗಂಡನೂ ಚಳಿಗಾಲದ ಕೋಟಿನಲ್ಲಿ ಹೀಗೇ ಕಾಣುತ್ತಾನೆ ಅಂದಳು. ಯಂತ್ರಕ್ಕೆ ಗಂಡಸರ ಮತ್ತು ಕರಡಿಯ ವ್ಯತ್ಯಾಸ ಕಲಿಸಬೇಕು ಎಂಬ ಷರತ್ತು ಹಾಕಿ ಒಪ್ಪಿಯೂ ಬಿಟ್ಟಳು.

ಮುಂದಿನ ವಾರವೇ ನಾನು ದರೋಜಿಗೆ ಹೋಗಿ, ಕಂಬಳಿ ಹೊದ್ದ ಆ ರೈತನ ಫೋಟೋವನ್ನು ನಾಲ್ಕೂ ದಿಕ್ಕಿನಿಂದ ತೆಗೆದೆ. ಆತ ಮದುವೆ ಗಂಡಿನ ಹಾಗೆ ಗಂಭೀರವಾಗಿ ನಿಂತಿದ್ದ. ಹೆಂಡತಿ ಚಹಾ ತಂದುಕೊಟ್ಟು, ಇನ್ನು ಮಿಷಿನ್ನಿಗೆ ಇವರ ಗುರ್ತು ಸಿಗತೈತೇನ್ರಿ ಎಂದು ಕೇಳಿದಳು. ಖಂಡಿತ ಸಿಗತೈತಿ ಎಂದೆ.

ಆಕೆ ದನಿ ತಗ್ಗಿಸಿದಳು. “ಹಂಗಾದ್ರ ಮನಿಗೆ ಸಿಟ್ಟಿನ್ಯಾಗ ಬರಾಕತ್ಯಾರೋ, ಸುಮ್ನ ಬರಾಕತ್ಯಾರೋ, ಅದನ್ನೂ ಒಂದೀಟು ಮೊದ್ಲ ಹೇಳೂ ಹಂಗ ಮಾಡ್ರಿ. ಕರಡಿಗೆ ನಾ ಏನೂ ಅಂಜಂಗಿಲ್ಲ.”